ಯಾರ ಮಗನಪಾ ನೀ?

ಹಾವೇರಿ ಕಡೆಯ ಹಳ್ಳಿಗಳಲ್ಲಿ ಗುರುತಿಲ್ಲದ ಹುಡುಗನೊಬ್ಬ ಕಟ್ಟೆಯ ಮುಂದೆ ಹಾದುಹೋದರೆ, ಅಲ್ಲಿ ಕೂತ ಹಿರಿಯರು ಅವನ ಹೆಸರು ಕೇಳುವುದಿಲ್ಲ. ‘ಯಾರ ಮಗನಪಾ ನೀ?’ ಎನ್ನುತ್ತಾರೆ. ಅಪ್ಪನ ಹೆಸರು ಬಂದ ಮೇಲೆ ಅಜ್ಜನದು, ಆಮೇಲೆ ತಾಯಿಯ ತವರು. ಅಷ್ಟು ತಿಳಿದರೆ ಹುಡುಗನ ಗುಣವೂ ತೀರ್ಮಾನವಾದಂತೆ. ‘ಅವರಜ್ಜನಂಗ ಸಿಟ್ಟಿನಾಂವ ಇರಬೇಕು ನೋಡು’ ಎಂದು ಒಬ್ಬರು, ‘ತಾಯಿ ಕಡಿಯಾವ್ರು ಭಾಳ ಮೆತ್ತನ್ನ ಮಂದಿ, ಇಂವಾನೂ ಹಂಗ ಅದಾನ’ ಎಂದು ಇನ್ನೊಬ್ಬರು. ಈ ಪ್ರಶ್ನೆಯಲ್ಲಿ ಅಕ್ಕರೆಯಿದೆ, ನನಗೆ ಅದು ಇಷ್ಟ. ಎಲ್ಲಿಂದಲೋ ಬಂದ ಮಗುವನ್ನು ಅದು ಒಂದೇ ಗಳಿಗೆಯಲ್ಲಿ ನಮ್ಮವರ ನಡುವೆ ತಂದು ಕೂರಿಸುತ್ತದೆ. ಆದರೆ ಅದರ ಬೆನ್ನಿಗೆ ಬರುವ ತೀರ್ಪು ಬೇರೆಯ ಮಾತು. ಅದರ ಬಗ್ಗೆ ಸ್ವಲ್ಪ ಹೊತ್ತು ಕೂತು ಹರಟಬೇಕು ಅನ್ನಿಸಿದೆ.

ಅದಕ್ಕೆ ತಕ್ಕ ಊರು ಹಿರೇಕೆರೂರಿನ ಅಬಲೂರು. ಕನ್ನಡದಲ್ಲಿ ಅತಿ ಹೆಚ್ಚು ಜನರ ನಾಲಿಗೆಯ ಮೇಲಿರುವ ತ್ರಿಪದಿಕಾರನಿಗೇ ಈ ಪ್ರಶ್ನೆ ಬಿದ್ದ ಊರು ಅದು. ಪರಂಪರೆಯ ಕತೆಯ ಪ್ರಕಾರ ಸರ್ವಜ್ಞನ ತಂದೆ ಮಾಸೂರಿನ ಬಸವರಸ, ಬ್ರಾಹ್ಮಣ. ತಾಯಿ ಅಬಲೂರಿನ ಕುಂಬಾರರ ಮಾಳಿ. ಮಕ್ಕಳಿಲ್ಲದ ಬಸವರಸ ಕಾಶಿಗೆ ಹೋಗಿ ಮರಳುವಾಗ ಅಬಲೂರಿನಲ್ಲಿ ತಂಗಿದ್ದ. ಮಗು ಹುಟ್ಟಿದ್ದು, ಆಡಿದ್ದು ತಾಯಿಯ ಮನೆಯಲ್ಲಿ. ಈ ಜನ್ಮವೃತ್ತಾಂತದ ವಚನಗಳನ್ನು ಆಮೇಲೆ ಯಾರೋ ಸೇರಿಸಿದ್ದು ಎನ್ನುವ ವಿದ್ವಾಂಸರೂ ಇದ್ದಾರೆ. ಊರೂರು ಅಲೆದು, ಜನರ ಬಾಯಲ್ಲಿ ಚದುರಿಹೋಗಿದ್ದ ವಚನಗಳನ್ನು ಕೂಡಿಸಿ 1924ರಲ್ಲಿ ಪುಸ್ತಕ ಮಾಡಿಕೊಟ್ಟ ಉತ್ತಂಗಿ ಚನ್ನಪ್ಪನವರಿಗೆ ನಾವು ಎಷ್ಟು ಋಣಿಗಳಾದರೂ ಕಡಿಮೆಯೇ.

ಕತೆಯ ನಿಜ ಸುಳ್ಳು ಒತ್ತಟ್ಟಿಗಿರಲಿ. ಅದನ್ನು ಕೇಳಿದವರು ಏನು ಮಾಡುತ್ತಾರೆ ನೋಡಿ. ‘ಆ ಬುದ್ಧಿ ಅಪ್ಪನ ಕಡೆಯಿಂದ ಬಂದದ್ದು’ ಎನ್ನುವವರಿದ್ದಾರೆ. ‘ಅಲ್ಲ, ಮಣ್ಣು ತುಳಿಯುವ ಮನೆಯಲ್ಲಿ ಬೆಳೆದದ್ದಕ್ಕೇ ಅವನ ಮಾತಿಗೆ ಆ ಕಸುವು’ ಎನ್ನುವವರೂ ಇದ್ದಾರೆ. ‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬ ಗಾದೆ ಮೊದಲಿನವರಿಗೆ, ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ’ ಎಂಬುದು ಎರಡನೆಯವರಿಗೆ. ಒಬ್ಬನೇ ಮನುಷ್ಯನನ್ನು ಮುಂದಿಟ್ಟುಕೊಂಡು ಈ ಜಗಳ ಎಂದೂ ತೀರುವುದಿಲ್ಲ. ಯಾಕೆಂದರೆ ಸರ್ವಜ್ಞ ಒಬ್ಬನೇ. ಅವನದೇ ರಕ್ತ ಹಂಚಿಕೊಂಡು ಬೇರೆ ಮನೆಯಲ್ಲಿ ಬೆಳೆದ ಇನ್ನೊಬ್ಬನಿದ್ದಿದ್ದರೆ ಹೋಲಿಸಿ ನೋಡಬಹುದಿತ್ತು.

ಇಂಥ ಹೋಲಿಕೆಯ ಯೋಚನೆ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್‌ಗೆ ಹೊಳೆದು, ಅವನು 1875ರಲ್ಲಿ ಅವಳಿ ಮಕ್ಕಳ ಬಗ್ಗೆ ಬರೆದ. ಮುಂದಿನವರು ಲೆಕ್ಕವನ್ನು ಬಿಗಿ ಮಾಡಿದರು. ಒಂದೇ ಅಂಡ ಸೀಳಿ ಹುಟ್ಟಿದ ಅವಳಿಗಳ ವಂಶವಾಹಿಗಳು ಒಂದೇ. ಎರಡು ಅಂಡಗಳಿಂದ ಹುಟ್ಟಿದ ಅವಳಿಗಳು ಉಳಿದ ಅಣ್ಣತಮ್ಮಂದಿರ ಹಾಗೆ ಸರಾಸರಿ ಅರ್ಧ ಹಂಚಿಕೊಂಡವರು. ಮೊದಲನೆಯವರು ಎರಡನೆಯವರಿಗಿಂತ ಎಷ್ಟು ಹೆಚ್ಚು ಹೋಲುತ್ತಾರೆ ಎಂಬುದರಿಂದ ಹುಟ್ಟಿನ ಪಾಲನ್ನು ಅಂದಾಜು ಮಾಡುತ್ತಾರೆ. ಅಮೆರಿಕದ ಮಿನೆಸೋಟದಲ್ಲಿ ಥಾಮಸ್ ಬೌಚರ್ಡ್ 1979ರಿಂದ ಬೇರೆ ಬೇರೆ ಮನೆಗಳಲ್ಲಿ ಬೆಳೆದ ಅವಳಿಗಳನ್ನೇ ಹುಡುಕಿ ಅಧ್ಯಯನ ಮಾಡಿದರು. ಆ ಕೆಲಸಕ್ಕೆ ಕಾರಣವಾದವರು ಕೂಸುಗಳಿದ್ದಾಗಲೇ ಅಗಲಿ 39ನೆಯ ವಯಸ್ಸಿನಲ್ಲಿ ಸೇರಿದ ಅವಳಿಗಳು, ಇಬ್ಬರಿಗೂ ಸಾಕಿದವರು ಜಿಮ್ ಎಂದೇ ಹೆಸರಿಟ್ಟಿದ್ದರು. ಪತ್ರಿಕೆಗಳು ಇಂಥ ಕಾಕತಾಳೀಯಗಳನ್ನೇ ಹಾಡಿ ಹೊಗಳಿದವು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು 2015ರ ಒಂದು ಲೆಕ್ಕ. ಐವತ್ತು ವರ್ಷಗಳ 2,748 ಅವಳಿ ಅಧ್ಯಯನಗಳನ್ನು ಕೂಡಿಸಿ ನೋಡಿದಾಗ, ಮನುಷ್ಯರ ಗುಣಲಕ್ಷಣಗಳ ವ್ಯತ್ಯಾಸದಲ್ಲಿ ವಂಶವಾಹಿಯ ಪಾಲು ಸರಾಸರಿ ಶೇ. 49.

ಹೆಚ್ಚುಕಡಿಮೆ ಅರ್ಧ. ಕಟ್ಟೆಯ ಎರಡೂ ಬಣಗಳು ಗೆದ್ದವು ಎಂದು ಎದ್ದುಹೋಗುವ ಮುಂಚೆ ಇನ್ನೊಂದು ಮಾತು ಕೇಳಬೇಕು. ಈ ಅರ್ಧ ಒಬ್ಬ ಮನುಷ್ಯನ ಒಳಗಿನ ಅರ್ಧವಲ್ಲ. ಸರ್ವಜ್ಞನಲ್ಲಿ ಅರ್ಧ ಬಸವರಸ–ಮಾಳಿಯರದು, ಅರ್ಧ ಅಬಲೂರಿನದು ಎಂದು ಪಾಲು ಹಚ್ಚಲು ಬರುವುದಿಲ್ಲ. ಇದನ್ನು ರಿಚರ್ಡ್ ಲೆವಾಂಟಿನ್ ಎಂಬ ತಳಿವಿಜ್ಞಾನಿ 1970ರಲ್ಲಿ ಬೀಜದ ಉದಾಹರಣೆ ಕೊಟ್ಟು ವಿವರಿಸಿದ. ಗೋವಿನಜೋಳ ಬೆಳೆಯುವ ಹಿರೇಕೆರೂರಿನ ರೈತರಿಗೆ ಅದು ನಮಗಿಂತ ಬೇಗ ತಿಳಿಯುತ್ತದೆ. ಮನೆಯಲ್ಲಿ ಕಾದಿಟ್ಟ ಜವಾರಿ ಬೀಜ, ಒಂದರಂತೆ ಒಂದಿಲ್ಲ. ಒಂದೇ ಚೀಲದಿಂದ ಒಂದೊಂದು ಹಿಡಿ ತೆಗೆದು ಎರಡು ಹೊಲಕ್ಕೆ ಬಿತ್ತಿದಿರಿ. ಮೊದಲನೆಯದು ಬೋರಿನ ನೀರು, ಗೊಬ್ಬರ ಎಲ್ಲ ಸಮನಾಗಿ ಕಂಡ ಹೊಲ. ಎರಡನೆಯದು ಮಳೆಯನ್ನೇ ನಂಬಿದ ಎರೆ. ಒಂದೊಂದು ಹೊಲದ ಒಳಗೆ ಮಣ್ಣು ನೀರು ಸಮ ಇರುವುದರಿಂದ, ಒಂದು ಗಿಡ ಎತ್ತರ, ಪಕ್ಕದ್ದು ಗಿಡ್ಡ ಆದದ್ದು ಪೂರ್ತಿ ಬೀಜದಿಂದ. ಆದರೆ ಮೊದಲ ಹೊಲ ಎದೆಯುದ್ದ ನಿಂತು ಎರಡನೆಯದು ಮೊಣಕಾಲುದ್ದಕ್ಕೆ ನಿಂತದ್ದು ಪೂರ್ತಿ ನೀರು, ಗೊಬ್ಬರ, ಮಣ್ಣಿನಿಂದ. ಇನ್ನು ಕಂಪನಿಯ ಹೈಬ್ರಿಡ್ ಬೀಜ ತಂದಿರಿ ಅನ್ನಿ, ಎಲ್ಲವೂ ಒಂದೇ ತಳಿ. ಆಗ ಗಿಡಗಿಡದ ವ್ಯತ್ಯಾಸದಲ್ಲಿ ಬೀಜದ ಪಾಲು ಸೊನ್ನೆ. ಬೀಜ ಬದಲಾದರೆ ಲೆಕ್ಕ ಬದಲಾಯಿತು, ಹೊಲ ಬದಲಾದರೂ ಬದಲಾಯಿತು. ಅಂದಮೇಲೆ ಆ ಶೇ. 49 ಹಿಡಿದುಕೊಂಡು ಈ ಜಾತಿಯವರಿಗೆ ಓದು ಹತ್ತದು, ಆ ಓಣಿಯವರು ಹುಟ್ಟಾ ಹೊಡೆದಾಟದ ಮಂದಿ ಎಂದು ಹೇಳಲು ಯಾವ ವಿಜ್ಞಾನವೂ ಒಪ್ಪಿಗೆ ಕೊಟ್ಟಿಲ್ಲ.

ಹಾಗೆ ಹೇಳಿದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗುವುದೇ ಬೇಡ. ಬ್ರಿಟಿಷ್ ಸರ್ಕಾರ 1871ರಲ್ಲಿ ಕೆಲವು ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಕರೆಯುವ ಕಾಯ್ದೆ ತಂದಿತು. 1911ರ ತಿದ್ದುಪಡಿಯ ನಂತರ ಅದು ದೇಶದ ಉದ್ದಗಲಕ್ಕೂ ಹಬ್ಬಿತು. ನಮ್ಮ ಕಡೆಯ ಹುಬ್ಬಳ್ಳಿ, ಗದಗಗಳಲ್ಲಿ ಅಂಥವರನ್ನು ಕೂಡಿಹಾಕಿದ ಜಾಗಗಳಿಗೆ ಜನ ಈಗಲೂ ಸೆಟ್ಲಮೆಂಟ್ ಎಂದೇ ಅನ್ನುತ್ತಾರೆ. ಹಾಜರಿ ಹೇಳದೆ, ಪರವಾನಗಿ ಇಲ್ಲದೆ ಊರು ದಾಟುವಂತಿರಲಿಲ್ಲ. ತೊಟ್ಟಿಲ ಕೂಸೂ ಆ ಪಟ್ಟಿಯ ಕುಲದ್ದೇ. ಸ್ವಾತಂತ್ರ್ಯ ಬಂದು ಐದು ವರ್ಷಗಳಾದ ಮೇಲೆ, 1952ರ ಆಗಸ್ಟ್ 31ರಂದು ಆ ಹಣೆಪಟ್ಟಿ ಕಾನೂನಿನಿಂದ ಕಳಚಿತು. ಜನರ ಬಾಯಿಂದ ಅದು ಇನ್ನೂ ಪೂರ್ತಿ ಕಳಚಿಲ್ಲ ಎಂಬುದು ನನ್ನನ್ನು ನೋಯಿಸುವ ಸಂಗತಿ. ‘ಯಾರ ಮಗ’ ಎಂಬ ಪ್ರಶ್ನೆ ಪೊಲೀಸ್ ದಫ್ತರಕ್ಕೆ ಹೋದಾಗ ತಾಳಿದ ರೂಪ ಅದು.

ಮತ್ತೆ ಅಬಲೂರಿಗೆ ಬರೋಣ. ಅಲ್ಲಿ ಸರ್ವಜ್ಞನಿಗಿಂತ ಹಳೆಯದಾದ ಇನ್ನೊಂದು ಕತೆ ಕಲ್ಲಿನಲ್ಲೇ ಇದೆ. ಸೋಮೇಶ್ವರ ಗುಡಿಯ ಶಾಸನ, ಸುಮಾರು 1200ರದ್ದು. ಫ್ಲೀಟ್ ಅದನ್ನು ಎಪಿಗ್ರಾಫಿಯಾ ಇಂಡಿಕಾದ ಐದನೆಯ ಸಂಪುಟದಲ್ಲಿ ಪ್ರಕಟಿಸಿದ. ಆಳಂದದ ಏಕಾಂತದ ರಾಮಯ್ಯ ಅಬಲೂರಿಗೆ ಬರುತ್ತಾನೆ. ಸಂಕಗಾವುಂಡನ ಮುಂದಾಳ್ತನದ ಜೈನರಿಗೂ ಅವನಿಗೂ ವಾದ ಬೆಳೆಯುತ್ತದೆ. ತಲೆ ಅರಿದು ಶಿವನಿಗೊಪ್ಪಿಸಿ ಮರಳಿ ಪಡೆಯುತ್ತೇನೆ ಎಂದು ಅವನ ಪಣ. ಪಡೆದರೆ ಜಿನಬಿಂಬ ಕಿತ್ತು ಶಿವನನ್ನು ನಿಲ್ಲಿಸುತ್ತೇವೆ ಎಂದು ಅವರು ಓಲೆ ಬರೆದುಕೊಡುತ್ತಾರೆ. ಏಳು ದಿನಗಳ ಮೇಲೆ ತಲೆ ಬಂತು, ಅವರು ಮಾತಿಗೆ ತಪ್ಪಿದರು, ಅವನು ಬಿಂಬ ಒಡೆದ, ದೂರು ಬಿಜ್ಜಳನವರೆಗೆ ಹೋಯಿತು, ರಾಮಯ್ಯನಿಗೆ ಜಯಪತ್ರ ಸಿಕ್ಕಿತು ಎನ್ನುತ್ತದೆ ಶಾಸನ. ಇದು ಗೆದ್ದವರು ಬರೆಸಿದ ಕಲ್ಲು ಎಂಬುದನ್ನು ಮರೆಯದೆ ಓದಬೇಕು. ಸೋತವರ ಮಾತು ಇದರಲ್ಲಿಲ್ಲ.

ಪವಾಡದ ತಂಟೆಗೆ ನಾನು ಹೋಗುವುದಿಲ್ಲ. ನನ್ನ ಕಣ್ಣು ನಿಲ್ಲುವುದು ಆ ಓಲೆಯ ಮೇಲೆ. ಬರೆದುಕೊಟ್ಟ ಮೇಲೆ ಯಾವ ಬಣಕ್ಕೂ ಸೋಲೊಪ್ಪಿ ಹಿಂದೆ ಸರಿಯುವುದು ಸುಲಭವಿರಲಿಲ್ಲ. ಸಂಕಗಾವುಂಡ ಹುಟ್ಟಾ ಹಟಮಾರಿಯೋ, ರಾಮಯ್ಯ ಹುಟ್ಟಾ ಉಗ್ರನೋ ಎಂದು ಕೇಳಿದರೆ ಕತೆಯ ಮುಕ್ಕಾಲು ಭಾಗ ಕೈಜಾರುತ್ತದೆ. ಹೆನ್ರಿ ತಜ್ಫೆಲ್ ಎಂಬ ಮನೋವಿಜ್ಞಾನಿ, ಹಿಟ್ಲರನ ಕಾಲದಲ್ಲಿ ತನ್ನವರನ್ನು ಕಳೆದುಕೊಂಡ ಯಹೂದಿ, ಮನುಷ್ಯನ ಮೇಲೆ ಗುಂಪಿಗಿರುವ ಈ ಹಿಡಿತವನ್ನೇ ಬೆನ್ನುಹತ್ತಿದ. ಬ್ರಿಸ್ಟಲ್‌ನ ಶಾಲಾ ಹುಡುಗರನ್ನು, ಚಿತ್ರಗಳಲ್ಲಿ ಯಾರದು ಇಷ್ಟ ಎಂಬಂಥ ಏನೂ ಅಲ್ಲದ ನೆಪದ ಮೇಲೆ ಎರಡು ಗುಂಪು ಮಾಡಿದ. ತಮ್ಮ ಗುಂಪಿನಲ್ಲಿ ಯಾರಿದ್ದಾರೆ ಎಂಬುದೂ ಅವರಿಗೆ ಗೊತ್ತಿಲ್ಲ. ಆದರೂ ದುಡ್ಡು ಹಂಚಲು ಹೇಳಿದಾಗ ತಮ್ಮ ಗುಂಪಿಗೇ ಹೆಚ್ಚು ಕೊಟ್ಟರು. ತಮ್ಮ ಗುಂಪಿಗೆ ಬರುವುದು ಕಡಿಮೆಯಾದರೂ ಚಿಂತೆಯಿಲ್ಲ, ಆಚೆಯವರಿಗಿಂತ ಮೇಲಿದ್ದರೆ ಸಾಕು ಎಂದವರೂ ಇದ್ದರು. 1970ರಲ್ಲಿ ಪ್ರಕಟವಾದ ಈ ಪ್ರಯೋಗ ಓದಿದ ಮೇಲೆ ಊರಿನ ಎಷ್ಟೋ ಜಗಳಗಳು ನನಗೆ ಬೇರೆಯಾಗಿ ಕಾಣತೊಡಗಿದವು.

ಗುಂಪಿನೆದುರು ಒಬ್ಬಂಟಿಯಾಗಿ ನಿಲ್ಲುವುದು ಎಷ್ಟು ಕಷ್ಟ ಎಂಬುದನ್ನು ಮನೋವಿಜ್ಞಾನಿ ಸಾಲಮನ್ ಆಶ್ 1951ರಲ್ಲೇ ತೋರಿಸಿದ್ದ. ಮಾದರಿ ಗೆರೆಯಷ್ಟೇ ಉದ್ದದ ಗೆರೆ ಯಾವುದು ಎಂಬ ಮಕ್ಕಳಾಟದ ಪ್ರಶ್ನೆ. ಮೊದಲೇ ಹೇಳಿಕೊಟ್ಟವರೆಲ್ಲ ಒಂದೇ ದನಿಯಲ್ಲಿ ತಪ್ಪು ಹೇಳಿದರೆ, ಕಣ್ಣೆದುರಿನದನ್ನು ಬಿಟ್ಟು ಜನ ಮೂರರಲ್ಲಿ ಒಂದು ಸಲ ಆ ತಪ್ಪಿಗೇ ದನಿಗೂಡಿಸಿದರು. ಸುತ್ತಲಿನವರಲ್ಲಿ ಒಬ್ಬನೇ ಒಬ್ಬ ಸರಿ ಹೇಳಿದರೆ ಸಾಕು, ಅದು ಥಟ್ಟನೆ ಇಳಿಯುತ್ತಿತ್ತು. ಹಾಗಂತ ಎಲ್ಲರೂ ಬಗ್ಗಲಿಲ್ಲ. ನಾಲ್ವರಲ್ಲಿ ಒಬ್ಬರು ಒಮ್ಮೆಯೂ ದನಿಗೂಡಿಸಲಿಲ್ಲ. ಅಲ್ಲಿ ಸ್ವಭಾವಕ್ಕೂ ಜಾಗವಿದೆ. ಹೊಸದರ ಹಂಬಲ, ಅಚ್ಚುಕಟ್ಟು, ನಾಲ್ವರೊಡನೆ ಬೆರೆಯುವ ಹುರುಪು, ಮೆತ್ತನೆಯ ಮನಸ್ಸು, ಕಳವಳ ಎಂಬ ಐದು ಎಳೆಗಳಲ್ಲಿ ಸ್ವಭಾವವನ್ನು ಅಳೆಯುತ್ತಾರೆ. ಆ ಎಳೆಗಳು ವರ್ಷಗಳ ಮೇಲೆ ನೋಡಿದರೆ ಗಟ್ಟಿ, ಒಂದು ಸಂಜೆಯ ನಡತೆಯನ್ನು ಹೇಳಲು ಸಡಿಲ.

ಇಷ್ಟು ಹೇಳಿ ಮೈಸೂರನ್ನು ಬಿಟ್ಟರೆ ತಪ್ಪಾದೀತು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲೇ ಮನಶ್ಶಾಸ್ತ್ರ ವಿಭಾಗ ತೆರೆದವರು ಎಂ. ವಿ. ಗೋಪಾಲಸ್ವಾಮಿ. ಅದೇ ಮೈಸೂರಿಗೆ ಬಂದು ಜೋನ್ ಮಿಲ್ಲರ್ ಎಂಬಾಕೆ, ಷಿಕಾಗೋದವರನ್ನೂ ಮೈಸೂರಿನವರನ್ನೂ ಹೋಲಿಸಿ 1984ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಪರಿಚಿತರು ಮಾಡಿದ ಒಳ್ಳೆಯದು ಕೆಟ್ಟದ್ದು ಹೇಳಿ, ಯಾಕೆ ಹಾಗೆ ಮಾಡಿದರು ಎಂದು ವಿವರಿಸಬೇಕು. ಅದರಲ್ಲಿ ಒಂದು ಕತೆ: ಮೋಟರ್‌ಸೈಕಲ್ ಓಡಿಸುತ್ತಿದ್ದ ವಕೀಲ, ಹಿಂದೆ ಕೂತವನಿಗೆ ಅಪಘಾತದಲ್ಲಿ ಪೆಟ್ಟಾದಾಗ ಆಸ್ಪತ್ರೆಗೆ ಬಿಟ್ಟು ತಾನು ಕೋರ್ಟಿಗೆ ಹೋದ, ಗಾಯಾಳು ತೀರಿಕೊಂಡ. ಅಮೆರಿಕದವರು ಇಂಥದರಲ್ಲಿ ವಕೀಲನ ಗುಣವನ್ನೇ ದೂರಿದರೆ, ಮೈಸೂರಿನ ದೊಡ್ಡವರು ಕೋರ್ಟಿನಲ್ಲಿ ಅವನಿಗಾಗಿ ಕಾದಿದ್ದ ಕಕ್ಷಿದಾರನನ್ನು, ಅವನ ಹೊಣೆಯನ್ನು, ಆ ಹೊತ್ತಿನ ಪೇಚನ್ನು ನೋಡಿದರು. ಎರಡೂ ದೇಶಗಳ ಎಂಟು ವರ್ಷದ ಮಕ್ಕಳಲ್ಲಿ ಈ ವ್ಯತ್ಯಾಸ ಅಷ್ಟಾಗಿ ಕಾಣಲಿಲ್ಲ, ಬೆಳೆಯುತ್ತ ಬೆಳೆಯುತ್ತ ಬಂತು. ಅಂದರೆ ಸಂದರ್ಭ ನೋಡಿ ಮಾತಾಡುವುದನ್ನು ನಮ್ಮ ಮಕ್ಕಳು ನಮ್ಮಿಂದ ಕಲಿತಿದ್ದರು. ಒಬ್ಬರ ನಡತೆ ಬಾಯಿಗೆ ಬಂದಾಗ ‘ಏನ ಅಡಚಣಿ ಇತ್ತೋ ಪಾಪ, ಯಾರಿಗೊತ್ತು?’ ಎನ್ನುವ ಅಜ್ಜಿಯಂದಿರು ನಮ್ಮ ಕಡೆಯ ಪ್ರತಿ ಓಣಿಯಲ್ಲೂ ಇದ್ದರು. ಕಟ್ಟೆಯ ‘ರಕ್ತದಾಗ ಬಂದೈತಿ’ ಎಂಬ ಮಾತೂ, ಅಜ್ಜಿಯ ಈ ಮಾತೂ ಒಂದೇ ಊರಿನವು. ಎರಡರಲ್ಲಿ ಯಾವುದನ್ನು ಮಕ್ಕಳ ಕಿವಿಗೆ ಹಾಕಬೇಕು ಎಂದರೆ ನನ್ನ ಓಟು ಅಜ್ಜಿಗೆ.

ಆ ಮೈಸೂರಿನ ಅಧ್ಯಯನ ಬಂದು ನಾಲ್ಕು ದಶಕಗಳಾದವು. ಅಷ್ಟರಲ್ಲಿ ಹಳ್ಳಿಗಳು ಬದಲಾಗಿವೆ, ಮಕ್ಕಳ ಕೈಗೆ ಮೊಬೈಲ್ ಬಂದಿದೆ. ಧಾರವಾಡದಲ್ಲಿ, ಹಾವೇರಿಯಲ್ಲಿ ಮನಶ್ಶಾಸ್ತ್ರ ಓದುತ್ತಿರುವ ಹುಡುಗ ಹುಡುಗಿಯರೇ, ಅದೇ ಪ್ರಶ್ನೆಗಳನ್ನು ನಮ್ಮ ಕಡೆಯ ಕನ್ನಡಕ್ಕೆ ತಂದು ಹಿರೇಕೆರೂರಿನ ಶಾಲೆಗಳಲ್ಲಿ, ಅಬಲೂರಿನ ಕಟ್ಟೆಯ ಮೇಲೆ ಇನ್ನೊಮ್ಮೆ ಕೇಳಿ. ಎಂಟು ವರ್ಷದವರನ್ನೂ ಕೇಳಿ, ಎಂಬತ್ತರವರನ್ನೂ ಕೇಳಿ. ಬಂದ ಉತ್ತರವನ್ನು ಕನ್ನಡದಲ್ಲೇ ಬರೆದು, ಮೊದಲು ಆ ಊರಿನವರಿಗೇ ಓದಿ ಹೇಳಿ.