ಬಾಂಡಗುಳದ ಲೆಕ್ಕ

ಮರಾಠಿಯಲ್ಲಿ 'ಬಾಂಡಗುಳ' ಅಂತ ಒಂದು ಮಾತಿದೆ. ಅಂದರೆ ನಮ್ಮ ಬದನಿಕೆ. ಇನ್ನೊಂದು ಮರದ ರಸ ಹೀರಿ ಬದುಕುವ ಗಿಡ. ಪರವೂರಿನಿಂದ ಬಂದು ನೆಲೆಸಿದವರನ್ನು ಬಯ್ಯಲಿಕ್ಕೂ ಇದೇ ಮಾತು. ಪುಣೆಯಲ್ಲಿ 34 ವರ್ಷ ತೆರಿಗೆ ಕಟ್ಟಿದ ನನಗೂ ಒಮ್ಮೆ ನಮ್ಮ ಹೌಸಿಂಗ್ ಸೊಸೈಟಿಯ ಸಭೆಯಲ್ಲಿ ಅದು ಬಿತ್ತು. ಖಜಾಂಚಿ ಸ್ಥಾನಕ್ಕೆ ನನ್ನ ಹೆಸರು ಬಂದದ್ದೇ ಕಾರಣ. ಮನೆಗೆ ಬಂದಾಗ ನಮ್ಮಾಕೆ, "ಸಾಕು ರೀ, ಹಾಸನಕ್ಕೇ ಹೋಗಿಬಿಡೋಣ" ಅಂದಳು.

ನಾನು ಎಂ.ಕಾಂ. ಓದಿದವನು, ಗಿಡಮರದ ಶಾಸ್ತ್ರ ಬಾರದು. ಆದರೆ ನಿಜವಾದ ಪರಾವಲಂಬಿಯೊಂದನ್ನು ಕಣ್ಣಾರೆ ಕಂಡಿದ್ದೇನೆ. ಸೊಲ್ಲಾಪುರ ಜಿಲ್ಲೆಯ ಹಳ್ಳಿ ಶಾಖೆಯಲ್ಲಿದ್ದಾಗ ಸಾಲಕ್ಕೆ ಜಮೀನು ನೋಡಲು ಹೋಗಿದ್ದೆ. ಬದುವಿನ ಮೇಲೆ ಜಾಲಿ ಜಾತಿಯ ಒಂದು ಪೊದೆ. ಆನೆದಂತದಂತೆ ಬೆಳ್ಳಗಿನ ಉದ್ದುದ್ದ ಮುಳ್ಳು. ಅದರ ಚಿಗುರು, ಕಾಯಿ ಎಲ್ಲ ಊದಿ, ಸೊಟ್ಟಗಾಗಿ, ಗಂಟುಗಂಟಾಗಿದ್ದವು. ಕೆಲವುದರ ಮೇಲೆ ಕಿತ್ತಳೆ ಬಣ್ಣದ ಪುಡಿ. ಜೊತೆಗಿದ್ದ ರೈತ, "ಸಾಹೇಬರೇ, ಎಳೇದಿದ್ದಾಗ ಇದರ ಪಲ್ಯ ಮಾಡ್ತೀವಿ" ಅಂತ ಮರಾಠಿಯಲ್ಲಿ ಹೇಳಿದ.

ಅದು ರೋಗದ ಗಂಟು ಎಂದು ತಿಳಿದದ್ದು ಬಹಳ ವರ್ಷಗಳ ಮೇಲೆ. ಗೋಧಿಗೆ ಬರುವ ತುಕ್ಕು ರೋಗದ ಬಳಗಕ್ಕೆ ಸೇರಿದ ಶಿಲೀಂಧ್ರ ಅದು. ಹೆಸರು ರಾವೆನೇಲಿಯಾ ಎಸ್ಕುಲೆಂಟಾ. 'ಎಸ್ಕುಲೆಂಟಾ' ಎಂದರೆ ತಿನ್ನಲು ಬರುವಂಥದ್ದು. ಈ ಬಳಗ ಪ್ರಕೃತಿಯಲ್ಲಿ ಜೀವಂತ ಗಿಡದ ಮೇಲೆ ಮಾತ್ರ ಬೆಳೆಯುತ್ತದೆ. ಗಿಡ ಮಾಡಿಕೊಂಡ ಆಹಾರವನ್ನು ತಾನು ಉಣ್ಣುತ್ತದೆ, ಚಿಗುರಾಗಬೇಕಾದದ್ದು ಗಂಟಾಗುತ್ತದೆ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಜಾಲಿಯ ಖಾತೆಯಲ್ಲಿ ಬರೀ ಖರ್ಚು, ಜಮೆ ಸೊನ್ನೆ. ಪಲ್ಯದ ಲಾಭ ಮನುಷ್ಯನಿಗೆ, ಗಿಡಕ್ಕಲ್ಲ.

ಇದಕ್ಕೆ 1961ರಲ್ಲಿ ಹೆಸರಿಟ್ಟವರು ಎಂ. ಜೆ. ನರಸಿಂಹನ್ ಮತ್ತು ಎಂ. ಜೆ. ತಿರುಮಲಾಚಾರ್. ತಿರುಮಲಾಚಾರ್ ಮೈಸೂರು ಸೀಮೆಯವರು, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪಾಠ ಹೇಳಿದವರು. ಆಮೇಲೆ ಎಲ್ಲಿಗೆ ಬಂದರು ಗೊತ್ತೇ? ನಮ್ಮ ಪುಣೆಯ ಪಕ್ಕದ ಪಿಂಪ್ರಿಗೆ! 1954ರಲ್ಲಿ ಶುರುವಾದ ಹಿಂದೂಸ್ತಾನ್ ಆಂಟಿಬಯಾಟಿಕ್ಸ್‌ನಲ್ಲಿ ಸಂಶೋಧನೆಯ ಮುಖ್ಯಸ್ಥರಾಗಿದ್ದರು. ಅಲ್ಲಿ ಅವರೂ ಸಂಗಡಿಗರೂ ಮಣ್ಣಿನ ಒಂದು ಸೂಕ್ಷ್ಮಜೀವಿಯಿಂದ ಹ್ಯಾಮೈಸಿನ್ ಎಂಬ ಔಷಧ ತೆಗೆದರು. ಅದು ಮನುಷ್ಯರಿಗೆ ತಗಲುವ ಶಿಲೀಂಧ್ರದ ಸೋಂಕಿಗೇ ಮದ್ದು. ಆ ಸೂಕ್ಷ್ಮಜೀವಿಗೆ ಇಟ್ಟ ಹೆಸರು ಸ್ಟ್ರೆಪ್ಟೊಮೈಸಿಸ್ ಪಿಂಪ್ರಿನಾ. ಹುಟ್ಟಿದ ಸೀಮೆಯ ಹೆಸರಲ್ಲ, ಅನ್ನ ಕೊಟ್ಟ ಊರಿನ ಹೆಸರು!

ಹೊರಗಿನವನೆಂದ ಮಾತ್ರಕ್ಕೆ ಬಾಂಡಗುಳವಾಗುವುದಿಲ್ಲ. ಜಮೆ-ಖರ್ಚು ಎರಡೂ ನೋಡಬೇಕು. ನಾನೇನು ಔಷಧ ಕಂಡುಹಿಡಿದವನಲ್ಲ. ಆದರೆ ಬಾವಿಗೆ, ಎಮ್ಮೆಗೆ, ಹೊಲಿಗೆ ಯಂತ್ರಕ್ಕೆ ನಾನು ಸಹಿ ಹಾಕಿದ ಸಾಲಗಳಲ್ಲಿ ಎಷ್ಟೋ ಸಂಸಾರಗಳು ದಡ ಸೇರಿವೆ. ಇದನ್ನೆಲ್ಲ ಹೇಳಿದಾಗ ನಮ್ಮಾಕೆ, "ಹಾಸನದಲ್ಲಾದರೂ ಏನು, ಅಲ್ಲಿ ನಮ್ಮನ್ನ ಪೂನಾದೋರು ಅಂತಾರೆ" ಎಂದು ನಕ್ಕಳು. ಮನೆ ಮಾರುವ ಮಾತು ಮತ್ತೆ ಬರಲಿಲ್ಲ. ಈ ಸಲದ ಮನೆ ಕಂದಾಯವನ್ನೂ ಗಡುವಿಗೆ ಮುಂಚೆಯೇ ಕಟ್ಟಿ, ರಸೀದಿಯನ್ನು ಫೈಲಿಗೆ ಸೇರಿಸಿದ್ದೇನೆ.