ಹದವೂ ಪದವೂ

ಗಟ್ಟಿಯಾದುದೆಲ್ಲ ಬಾಳಿಕೆ ಬರುತ್ತದೆ ಎಂಬುದು ನಮ್ಮಲ್ಲಿ ಹಲವರ ಎಣಿಕೆ. ಉಕ್ಕಿನ ಕೆಲಸ ಮಾಡುವವರು ಇದನ್ನು ಒಪ್ಪುವುದಿಲ್ಲ. ಕೆಂಪಗೆ ಕಾಯಿಸಿ ಒಮ್ಮೆಲೇ ತಣಿಸಿದ ಉಕ್ಕು ಅರದ ಹಲ್ಲಿಗೂ ಬಗ್ಗದಷ್ಟು ಗಡಸಾಗುತ್ತದೆ; ಆದರೆ ಕೈಜಾರಿ ಕಲ್ಲಿನ ಮೇಲೆ ಬಿದ್ದರೆ ಗಾಜಿನಂತೆ ಒಡೆಯಲೂಬಹುದು. ಅದರ ಗಡಸುತನದಲ್ಲಿ ಸ್ವಲ್ಪವನ್ನು ಮರಳಿ ಪಡೆದು, ಬದಲಿಗೆ ಸ್ವಲ್ಪ ತಾಳಿಕೆಯನ್ನು ಕೊಟ್ಟಾಗ ಮಾತ್ರ ಅದು ಕೆಲಸಕ್ಕೆ ಒದಗುತ್ತದೆ. ಈ ಎರಡನೆಯ ಸಂಸ್ಕಾರಕ್ಕೆ ಕನ್ನಡದಲ್ಲಿರುವ ಮಾತು 'ಹದ ಮಾಡುವುದು'. ಈ ಮಾತಿನ ಅರ್ಥವನ್ನು ನಾನು ತಿಳಿದದ್ದು ನಿಘಂಟಿನಿಂದಲ್ಲ, ನನ್ನ ಸೋದರಮಾವನ ಕೊಟ್ಟಿಗೆಯಲ್ಲಿ.

ಮಾವ ದೂರದ ಊರಿನ ಕಾರ್ಖಾನೆಯೊಂದರಲ್ಲಿ ದುಡಿದು, ನಿವೃತ್ತಿಯ ಬಳಿಕ ಕಾಸರಗೋಡಿನ ಒಳನಾಡಿನಲ್ಲಿರುವ ತಮ್ಮ ಅಡಕೆ ತೋಟಕ್ಕೆ ಮರಳಿದವರು. ಹಸುಗಳಿಲ್ಲದೆ ಬರಿದಾಗಿದ್ದ ಕೊಟ್ಟಿಗೆಯಲ್ಲಿ ಒಂದು ಸಣ್ಣ ಲೇತು, ಒಂದು ಸಾಣೆಚಕ್ರ, ಇಟ್ಟಿಗೆಯಿಂದ ಕಟ್ಟಿದ ಮೊಣಕಾಲೆತ್ತರದ ಕುಲುಮೆ – ಇಷ್ಟು ಅವರ ಸಂಪತ್ತು. ಊರಿನ ಕಮ್ಮಾರರ ಕುಲುಮೆ ಆರಿ ಹಲವು ವರ್ಷಗಳಾಗಿದ್ದವು. ಹೀಗಾಗಿ ಅಡಕೆ ಸುಲಿಯುವ ಕತ್ತಿ, ಕಬ್ಬಿಣ ಕಡಿಯುವ ಉಳಿ, ಮದ್ದು ಬಿಡುವ ಪಂಪಿನ ಸವೆದ ಕೀಲು, ಎಲ್ಲವೂ ಅವರಲ್ಲಿಗೆ ಬರತೊಡಗಿದವು. ಕತ್ತಿಗೆ ಅವರು ಬಳಸುತ್ತಿದ್ದುದು ಲಾರಿಯ ಹಳೆಯ ಸ್ಪ್ರಿಂಗ್ ಪ್ಲೇಟು. ಅದರಲ್ಲಿ ನೂರಕ್ಕೆ ಸುಮಾರು 0.6 ಪಾಲು ಇಂಗಾಲವಿರುತ್ತದೆ. ಗಡಸಾಗುವುದಕ್ಕೆ ಅಷ್ಟು ಸಾಕು. ಕಿಟಕಿಯ ಸರಳಿನಂತಹ ಮೆದು ಕಬ್ಬಿಣದಲ್ಲಿ ಇಂಗಾಲ ತೀರ ಕಡಿಮೆಯಾದುದರಿಂದ ಅದನ್ನು ಎಷ್ಟು ಕಾಯಿಸಿ ತಣಿಸಿದರೂ ಪ್ರಯೋಜನವಿಲ್ಲ.

ನಾನು ಸ್ನಾತಕೋತ್ತರ ತರಗತಿಯಲ್ಲಿದ್ದಾಗ ಮಾವನ ಎರಡು ಕಣ್ಣುಗಳಿಗೂ ಪೊರೆ ಬಂದಿತ್ತು. ಆದರೂ ಕೆಲಸದ ಮೊದಲರ್ಧವನ್ನು ಅವರು ಕಣ್ಣಿನ ನೆರವಿಲ್ಲದೆಯೇ ನಿಭಾಯಿಸುತ್ತಿದ್ದರು. ಗೆರಟೆಯ ಇದ್ದಿಲಿನಲ್ಲಿ ಕತ್ತಿಯನ್ನು ಕಾಯಿಸುತ್ತ, ನಡುನಡುವೆ ಅದಕ್ಕೊಂದು ಅಯಸ್ಕಾಂತವನ್ನು ತಾಗಿಸಿ ನೋಡುವರು. ಸುಮಾರು 770 ಡಿಗ್ರಿ ಸೆಲ್ಸಿಯಸ್ ದಾಟಿದ ಉಕ್ಕು ಅಯಸ್ಕಾಂತಕ್ಕೆ ಅಂಟುವುದಿಲ್ಲ. ಅಂಟು ಬಿಟ್ಟ ಮೇಲೆ ಇನ್ನೂ ತುಸು ಕಾಯಿಸಿ, ಹಪ್ಪಳ ಕರಿದುಳಿದ ಎಣ್ಣೆಯಲ್ಲಿ ನೆಟ್ಟಗೆ ಇಳಿಸುವರು. ಓರೆಯಾಗಿ ಇಳಿಸಿದರೆ ಒಂದು ಮಗ್ಗುಲು ಮೊದಲು ತಣಿದು ಅಲಗು ಸೊಟ್ಟಗಾಗುತ್ತದೆ. ಎಣ್ಣೆ ಉಗುರುಬೆಚ್ಚಗಿಂತ ತುಸು ಹೆಚ್ಚೇ ಬಿಸಿಯಿರಬೇಕು. ತಣ್ಣನೆಯ ಎಣ್ಣೆ ಮಂದವಾಗಿದ್ದು ಶಾಖವನ್ನು ಬೇಗನೆ ಹೀರಲಾರದು. ಆಮೇಲೆ ಅಂಚಿನ ಮೇಲೆ ಅರವನ್ನು ಎಳೆದು ಕಿವಿಗೊಡುವರು. ಅರ ಕಚ್ಚದೆ, ಗಾಜಿನ ಮೇಲೆ ಜಾರಿದಂತೆ ಕಿರುಗುಟ್ಟಿದರೆ ಉಕ್ಕು ಗಡಸಾಯಿತೆಂದು ಅರ್ಥ.

ಕಾದ ಉಕ್ಕಿನಲ್ಲಿ ಇಂಗಾಲವು ಕಬ್ಬಿಣದೊಳಗೆ ಕರಗಿರುತ್ತದೆ. ನಿಧಾನವಾಗಿ ತಣಿದರೆ ಅದು ಬೇರ್ಪಟ್ಟು ತನ್ನ ಪಾಡಿಗೆ ನೆಲೆ ಹಿಡಿಯುತ್ತದೆ. ಒಮ್ಮೆಲೇ ತಣಿಸಿದಾಗ ಅದಕ್ಕೆ ಹೊರಬರಲು ಸಮಯವಿಲ್ಲದೆ ಒಳಗೇ ಸೆರೆಯಾಗುತ್ತದೆ. ಜರ್ಮನಿಯ ಲೋಹವಿಜ್ಞಾನಿ ಅಡಾಲ್ಫ್ ಮಾರ್ಟೆನ್ಸ್ ಅವರ ನೆನಪಿಗಾಗಿ ಮಾರ್ಟೆನ್ಸೈಟ್ ಎಂದು ಕರೆಯುವ ಈ ರಚನೆ ಒಳಗೊಳಗೇ ಬಿಗಿದುಕೊಂಡಿರುತ್ತದೆ. ಅದರ ಗಡಸುತನಕ್ಕೂ ಒಡಕಿಗೂ ಈ ಬಿಗುವೇ ಕಾರಣ. ಮತ್ತೆ ಹಿತವಾಗಿ ಕಾಯಿಸಿದರೆ ಸೆರೆಯಾದ ಇಂಗಾಲದ ಒಂದು ಪಾಲು ಹೊರಬಂದು ಬಿಗುವು ಸಡಿಲುತ್ತದೆ. ಎಷ್ಟು ಸಡಿಲಿಸಬೇಕೆಂಬುದೇ ಹದದ ಪ್ರಶ್ನೆ.

ಅದಕ್ಕೆ ಕಣ್ಣು ಬೇಕು. ಶಾಖವನ್ನು ಅಳೆದು ಹಿಡಿದಿಡುವ ವಿದ್ಯುತ್ ಒಲೆ ಆ ಮನೆಯಲ್ಲಿ ಇರಲಿಲ್ಲ. ಮಾವ ಗಡಸಾದ ಅಲಗನ್ನು ಎಮರಿ ಕಾಗದದಿಂದ ಬೆಳಗಿಸಿ, ಕಾದ ಕಬ್ಬಿಣದ ಹಲಗೆಯ ಮೇಲೆ ಅದರ ಬೆನ್ನನ್ನು ಊರಿಸುವರು. ಶಾಖ ಬೆನ್ನಿನಿಂದ ಅಂಚಿನ ಕಡೆಗೆ ಹರಿಯುತ್ತಿದ್ದಂತೆ ಹೊಳಪಿನ ಮೇಲೆ ಬಣ್ಣಗಳು ಸಾಲಾಗಿ ನಡೆಯುತ್ತವೆ. 220 ಡಿಗ್ರಿಯ ಆಸುಪಾಸಿನಲ್ಲಿ ತೆಳು ಹಳದಿ, 240ರಲ್ಲಿ ಗಾಢ ಹಳದಿ, 260ರಲ್ಲಿ ಕಂದು, 280ರಲ್ಲಿ ನೇರಳೆ, 300ರಲ್ಲಿ ನೀಲಿ. ಉಕ್ಕಿನ ಮೈಮೇಲೆ ಬೆಳೆಯುವ ಆಕ್ಸೈಡಿನ ಪದರ ದಪ್ಪವಾದಂತೆ ಬೆಳಕಿನ ಬಣ್ಣ ಬದಲಾಗುತ್ತದೆ. ಗೀರುವ ಮೊನೆಗೆ ತೆಳು ಹಳದಿ, ಮರಗೆಲಸದ ಉಳಿಗೆ ಕಂದು, ಸುತ್ತಿಗೆಯ ಏಟು ತಿನ್ನುವ ಉಳಿಗೆ ನೇರಳೆ, ಬಾಗಿ ಮರಳಬೇಕಾದ ಸ್ಪ್ರಿಂಗಿಗೆ ನೀಲಿ. ತಕ್ಕ ಬಣ್ಣ ಅಂಚನ್ನು ಮುಟ್ಟಿದ ಕ್ಷಣದಲ್ಲೇ ತಣಿಸಬೇಕು. ಪೊರೆ ಬಂದ ಕಣ್ಣು ಲೋಕವನ್ನೆಲ್ಲ ಹಳದಿಯಾಗಿಯೇ ಕಾಣುತ್ತದೆ. ಮಾವನಿಗೆ ತೆಳು ಹಳದಿ ಕಾಣಿಸುತ್ತಲೇ ಇರಲಿಲ್ಲ. ಆ ಒಂದು ಮಳೆಗಾಲ ಅವರ ಕಣ್ಣಾದವಳು ನಾನು.

"ಹಳದಿ ಬಂತು ಮಾವ" ಎಂದೆ, ಮೊದಲ ದಿನ.

"ಎಂಥ ಹಳದಿ, ಮಗಳೇ?"

"ಬೈಹುಲ್ಲಿನ ಹಾಗೆ."

"ಹೊಸ ಬೈಹುಲ್ಲೋ, ಮಳೆಯಲ್ಲಿ ನೆನೆದದ್ದೋ?"

ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ 'ವರ್ಣವೈಭವ'ವೆಂದು ಬರೆದು ಅಂಕ ಪಡೆದವಳು ನಾನು. ಇಲ್ಲಿ ಅಂತಹ ಮಾತು ನಡೆಯುವಂತಿರಲಿಲ್ಲ. ನಾನು ಹೇಳುವ ಪದಕ್ಕೂ ಅವರ ಕೈಯ ಇಕ್ಕಳಕ್ಕೂ ನಡುವೆ ಇದ್ದುದು ಕೆಲವೇ ಕ್ಷಣ. ಪದ ಸಡಿಲವಾದರೆ ಯಾರದೋ ಮನೆಯ ಕತ್ತಿ ಸುಗ್ಗಿಯ ನಡುವೆ ಮುಕ್ಕಾಗುವುದು. ಹೀಗೆ ನಮ್ಮಿಬ್ಬರ ನಡುವೆ ಒಂದು ಬಣ್ಣಕೋಶವೇ ಬೆಳೆಯಿತು. ತೆಳು ಹಳದಿ 'ಹೊಸ ಬೈಹುಲ್ಲು', ಗಾಢವಾದುದು 'ಜೇನು', ಕಂದು 'ಒಣಗಿದ ಅಡಕೆಸಿಪ್ಪೆ', ನೇರಳೆ 'ಹಣ್ಣಾದ ನೇರಳೆ', ನೀಲಿ 'ನವಿಲುಗೊರಳು'. ಎಲ್ಲವೂ ಅವರು ಕಣ್ಣು ಚೆನ್ನಾಗಿದ್ದ ಕಾಲದಲ್ಲಿ ಕಂಡು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ವಸ್ತುಗಳು. ಪದ ಅವುಗಳನ್ನು ಕರೆತಂದು ಅವರ ಮುಂದೆ ನಿಲ್ಲಿಸುತ್ತಿತ್ತು.

'ಹದ' ಎಂಬ ಮಾತಿನ ಹಿಂದಿನ ರೂಪ 'ಪದ'. ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ ಪದ ಹದವಾಯಿತು. ತಮಿಳಿನಲ್ಲಿ ಅದು ಇಂದಿಗೂ 'ಪದಂ'. ಉಳುಮೆಗೆ ಒದಗಿದ ಮಣ್ಣಿಗೂ ಎಳೆ ಬಂದ ಬೆಲ್ಲದ ಪಾಕಕ್ಕೂ ನಾವು ಹೇಳುವ ಹದ ಇದೇ. ಮಾತು ಎಂಬರ್ಥದ ಸಂಸ್ಕೃತದ 'ಪದ'ಕ್ಕೂ ಇದಕ್ಕೂ ನಂಟಿಲ್ಲ. ಎರಡೂ ಬೇರೆ ಬೇರೆ ಮೂಲದವು. ಭಾಷಾಶಾಸ್ತ್ರ ಹಾಗೆ ಹೇಳುತ್ತದೆ, ಅದು ಸರಿ. ಆದರೂ ಕುಲುಮೆಯ ಬದಿಯಲ್ಲಿ ಕುಳಿತಿದ್ದಾಗ ಆ ಎರಡರ ಕೆಲಸ ಒಂದೇ ಆಗಿತ್ತು.

ಮುಂದೆ ಮಾವನ ಕಣ್ಣಿಗೆ ಶಸ್ತ್ರಚಿಕಿತ್ಸೆಯಾಯಿತು. ಮೊದಲ ಸಲ ಸ್ಪ್ರಿಂಗೊಂದಕ್ಕೆ ಹದ ಮಾಡುತ್ತ, "ಇದು ಇಷ್ಟು ನೀಲಿ ಎಂಬುದೇ ಮರೆತುಹೋಗಿತ್ತು" ಎಂದರು. ನನ್ನ ಕಣ್ಣಿನ ಅಗತ್ಯ ಅಲ್ಲಿಗೆ ತೀರಿತು. ಪದಗಳ ಅಗತ್ಯ ತೀರಲಿಲ್ಲ. ಈಗ ಅವರ ಬಳಿ ಕೆಲಸ ಕಲಿಯಲು ನೆರೆಮನೆಯ ಹುಡುಗನೊಬ್ಬ ಬರುತ್ತಾನೆ. ಮನೆಯಲ್ಲಿ ಮಲಯಾಳ ಆಡುವ ಅವನು ಬೈಹುಲ್ಲಿಗೆ 'ವೈಕ್ಕೋಲ್' ಎನ್ನುತ್ತಾನೆ. ಕನ್ನಡದ 'ಬೈ' ಮಲಯಾಳದಲ್ಲಿ 'ವೈ' ಆಗಿ ನಿಂತಿದೆ. ಉಕ್ಕು ಅವನಿಗೆ 'ಉರುಕ್ಕ್'. ಪಾಶ್ಚಾತ್ಯರು 'ವೂಟ್ಸ್' ಎಂದು ಕರೆದು, 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಪ್ರಬಂಧ ಓದಿದ ಭಾರತದ ಉಕ್ಕಿನ ಹೆಸರೂ ನಮ್ಮ 'ಉಕ್ಕು' ಎಂಬ ಮಾತಿನಿಂದ ಬಂದುದೆಂದು ಹಲವು ವಿದ್ವಾಂಸರ ಅಭಿಪ್ರಾಯ. ಪದ ಗಡಿ ದಾಟುವುದು ಹೊಸತೇನಲ್ಲ. ಆಡುವ ಕೆಲಸವೇ ನಿಂತಾಗ ಮಾತ್ರ ಅದು ಸಾಯುತ್ತದೆ.

ಗಡಿನಾಡಿನಲ್ಲಿ ಕನ್ನಡವನ್ನು ಐಚ್ಛಿಕವಾಗಿ ಓದುತ್ತಿರುವ ಗೆಳೆಯರಲ್ಲಿ ನನ್ನದೊಂದು ಕೋರಿಕೆ. ಈ ರಜೆಯಲ್ಲಿ ನಿಮ್ಮ ಮನೆಯ ಸುತ್ತಮುತ್ತ ಕೈಗೆಲಸ ಬಲ್ಲ ಹಿರಿಯರೊಬ್ಬರ ಪಕ್ಕದಲ್ಲಿ ಒಂದು ದಿನ ಕುಳಿತುಕೊಳ್ಳಿರಿ. ಅವರು ಹದವನ್ನು ಯಾವ ಮಾತಿನಲ್ಲಿ ಗುರುತಿಸುತ್ತಾರೆಂದು ಕೇಳಿ ಬರೆದುಕೊಳ್ಳಿರಿ. ಅದು ಕನ್ನಡವಾಗಿರಲಿ, ತುಳುವಾಗಿರಲಿ, ಮಲಯಾಳವಾಗಿರಲಿ. ನನ್ನ ಟಿಪ್ಪಣಿ ಪುಸ್ತಕದಲ್ಲಿ ಪ್ರತಿ ಬಣ್ಣದ ಎದುರಿಗೂ ಈಗ ಎರಡು ಕಲಮುಗಳಿವೆ. ಮೂರನೆಯದು ಖಾಲಿಯಿದೆ.