ಪರದೆಯಿಲ್ಲದ ಮೇಜು

ಪಡಖಾನೆ ಎಂಬ ಪದವನ್ನು ನನ್ನ ವಯಸ್ಸಿನವರು ಈಗ ಬಳಸುವುದಿಲ್ಲ. ನಮ್ಮ ದೊಡ್ಡಬಳ್ಳಾಪುರದ ಹಿರಿಯರು ಮಾತ್ರ ದಾರಿ ಹೇಳುವಾಗ ‘ಹಳೇ ಪಡಖಾನೆ ತಾವ ಬಲಕ್ಕೆ ತಿರುಗು’ ಎನ್ನುತ್ತಾರೆ. ಅಲ್ಲೀಗ ಮೊಬೈಲ್ ರಿಪೇರಿ ಅಂಗಡಿಯಿದೆ. ಅಂಗಡಿ ಹೋದರೂ ಅದರ ಹೆಸರು ದಾರಿಯ ಗುರುತಾಗಿ ಉಳಿದಿದೆ.

ಈ ಪದದ ಬೆನ್ನು ಹತ್ತಲು ಒಂದು ಕಾರಣವಿತ್ತು. ಬೆಂಗಳೂರಿನಲ್ಲಿ ನಡೆಯಲಿದ್ದ ಕಮ್ಮಟವೊಂದಕ್ಕೆ ಹೊರರಾಜ್ಯಗಳಿಂದ ಬರುವ ನಾಲ್ವರು ಸಂಶೋಧಕ ಗೆಳೆಯರು ಒಂದು ಭಾನುವಾರ ನನ್ನ ಜೊತೆ ಕಳೆಯುವುದಾಗಿ ಹೇಳಿದ್ದರು. ಅವರ ಬೇಡಿಕೆ ಸರಳವಾಗಿತ್ತು: ಕುಡಿಯಲು ಒಂದು ಸಾಂಪ್ರದಾಯಿಕ ಜಾಗ, ಒಂದು ಆಧುನಿಕ ಜಾಗ, ಆರಿಸುವವಳು ನಾನು. ಹೊಸದಕ್ಕೆ ಬರವಿಲ್ಲ. ಹಳೆಯದನ್ನು ಎಲ್ಲಿಂದ ತರಲಿ?

ನಮ್ಮ ಬಯಲುಸೀಮೆಯಲ್ಲಿ ಹಳೆಯದೆಂದರೆ ಈಚಲು ಮರದ ಸೇಂದಿ, ಆಮೇಲೆ ಸಾರಾಯಿ. ಕರಾವಳಿಯನ್ನು ಬಿಟ್ಟರೆ ರಾಜ್ಯದಲ್ಲಿ ಸೇಂದಿ ಮಾರಾಟ 2004ರಲ್ಲಿ ನಿಂತಿತು. ಸಾರಾಯಿ ನಿಷೇಧವಾದದ್ದು 2007ರ ಜುಲೈ 1ರಂದು. ಅಂದಮೇಲೆ ಇಲ್ಲಿ ಕಾನೂನಿನ ಪ್ರಕಾರ ‘ಸಾಂಪ್ರದಾಯಿಕ’ ಪಾನಗೃಹವೇ ಇಲ್ಲ. ಇರುವುದು ಎರಡು ಬಗೆ. ಸಿಎಲ್-2 ಎಂಬ ಪರವಾನಗಿಯ ವೈನ್ ಶಾಪಿನಲ್ಲಿ ಕೊಂಡು ಹೊರಡಬೇಕು, ಅಲ್ಲೇ ಕುಡಿಯುವಂತಿಲ್ಲ. ಸಿಎಲ್-9 ಎಂಬ ಬಾರ್ ಅಂಡ್ ರೆಸ್ಟೋರೆಂಟಿನಲ್ಲಿ ಕುಳಿತು ಕುಡಿಯಬಹುದು. ಆ ‘ಕುಳಿತು’ ಎಂಬ ಮಾತಿನ ಹತ್ತಿರ ನನ್ನ ಪಟ್ಟಿ ನಿಂತುಬಿಟ್ಟಿತು.

ಯಾಕೆಂದರೆ ಹೆಂಡದಂಗಡಿ ಎಂದ ಕೂಡಲೇ ಕನ್ನಡ ಓದಿದವರ ಕಣ್ಣಿಗೆ ಬರುವವನು ಜಿ.ಪಿ. ರಾಜರತ್ನಂ ಅವರ ರತ್ನ. ಆ ಚಿತ್ರದಲ್ಲಿ ರತ್ನ ಅಂಗಡಿಯಲ್ಲಿರುತ್ತಾನೆ, ನಂಜಿ ಮನೆಯಲ್ಲಿರುತ್ತಾಳೆ. ಹಾಗೆಂದು ಹೆಂಗಸರು ಕುಡಿಯುತ್ತಲೇ ಇರಲಿಲ್ಲವೇ? ನಮ್ಮಜ್ಜಿಯನ್ನು ಕೇಳಿದೆ. ‘ಯಾಕೆ ಕುಡೀತಿರಲಿಲ್ಲ? ರಾಗಿ ಹೊಲದಲ್ಲಿ ಕಳೆ ಕಿತ್ತು ಬಂದ್ರೆ ಸೊಂಟ ನೆಟ್ಟಗಾಗ್ತಿರಲಿಲ್ಲ. ಮಡಕೇಲಿ ಸೇಂದಿ ಬರೋದು. ಹಿತ್ತಲಲ್ಲಿ ನಿಂತ್ಕಂಡು, ಸೆರಗು ಅಡ್ಡ ಮಾಡ್ಕಂಡು ಒಂದು ಲೋಟ ಕುಡಿದು ಒಳಕ್ಕೆ ಬರೋದು’ ಎಂದಳು. ಪಡಖಾನೆಗೆ ಹೋಗಿದ್ದೆಯಾ ಎಂದರೆ ನಕ್ಕಳು. ಈಚಲು ಮರದ ಕೆಳಗೆ ಮಜ್ಜಿಗೆ ಕುಡಿದರೂ ಹೆಂಡ ಅಂತಾರೆ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಆ ಗಾದೆಯ ಭಯವೆಲ್ಲ ಇರುವುದು ಕುಡಿತದ ಮೇಲಲ್ಲ, ಯಾರಾದರೂ ಕಂಡಾರು ಎಂಬುದರ ಮೇಲೆ.

ಬೆಂಗಳೂರಿನ ಪಬ್ಬುಗಳು ಬದಲಿಸಿದ್ದು ಇದನ್ನೇ ಎಂದು ನನಗನ್ನಿಸುತ್ತದೆ. ರೆಸ್ಟ್ ಹೌಸ್ ರಸ್ತೆಯ ಪೆಕೋಸ್ 1989ರಿಂದ ಇದೆ. ಇಂದಿರಾನಗರದ ಟಾಯಿಟ್ ಬಂದದ್ದು, ಅಲ್ಲೇ ಬಿಯರ್ ತಯಾರಿಸಿ ಬಡಿಸುವ ಮೈಕ್ರೋಬ್ರೂವರಿಗಳ ಕಾಲ ಶುರುವಾದಾಗ. ಅಲ್ಲಿನ ಹೊಸತು ಬಿಯರ್ ಎಂದು ಜಾಹೀರಾತು ಹೇಳುತ್ತದೆ. ನನ್ನ ಮಟ್ಟಿಗೆ ಹೊಸತು ಕುರ್ಚಿ. ಹೆಣ್ಣೊಬ್ಬಳು ನಾಲ್ಕು ಜನರಿಗೆ ಕಾಣುವಂತೆ ಕೂತು, ಗೆಳತಿಯ ಜೊತೆ ಸಂಶೋಧನೆಯ ಮೂರನೇ ಅಧ್ಯಾಯದ ಬಗ್ಗೆ ಜಗಳವಾಡಿ, ಬಿಲ್ಲು ಕೊಟ್ಟು ಎದ್ದುಬರಬಹುದಾದ ಕುರ್ಚಿ.

ಆ ಕುರ್ಚಿಯೂ ಗಟ್ಟಿಯೇನಲ್ಲ. 2009ರ ಜನವರಿ 24ರಂದು ಮಂಗಳೂರಿನ ಪಬ್ಬೊಂದರಲ್ಲಿದ್ದ ಯುವತಿಯರನ್ನು ಎಳೆದಾಡಿ ಹೊಡೆದರು. ಕೊಟ್ಟ ಕಾರಣ ಸಂಸ್ಕೃತಿ. 2018ರಲ್ಲಿ ಆರೋಪಿಗಳ ಖುಲಾಸೆಯಾಯಿತು. ಅದೇ ತುಳುನಾಡಿನಲ್ಲಿ ಕೊರಗಜ್ಜನಿಗೆ ಹರಕೆಯೆಂದು ಚಕ್ಕುಲಿ, ವೀಳ್ಯದ ಜೊತೆ ಕಳ್ಳನ್ನೂ ಇಟ್ಟು ಕೈಮುಗಿಯುತ್ತಾರೆ. ದೈವದ ಮುಂದೆ ಸಂಪ್ರದಾಯವಾದದ್ದು ಹುಡುಗಿಯ ಮುಂದೆ ಸಂಸ್ಕೃತಿಯ ನಾಶವಾಗುತ್ತದೆ. ಟಿವಿಯಲ್ಲಿ ಆ ದೃಶ್ಯ ಮತ್ತೆ ಮತ್ತೆ ಬರುತ್ತಿದ್ದಾಗ ನಾನು ಶಾಲೆಯಲ್ಲಿದ್ದೆ. ‘ಅಲ್ಲಿಗೆ ಯಾಕೆ ಹೋಗಬೇಕಿತ್ತು’ ಎಂದು ನಮ್ಮ ಬೀದಿಯಲ್ಲಿ ಕೇಳಿದವರೆಲ್ಲ ಒಳ್ಳೆಯವರೇ.

ಇಷ್ಟಕ್ಕೇ ನಿಲ್ಲಿಸಿದರೆ ಅರ್ಧ ಹೇಳಿದಂತೆ. ನಮ್ಮದು ಮಗ್ಗದ ಊರು. ವಾರದ ಬಟವಾಡೆಯ ದಿನ ಗಂಡ ಮನೆಗೆ ಬರುವ ಮೊದಲೇ ಸಂಬಳ ಅಂಗಡಿ ಸೇರುವುದನ್ನು ಕಂಡ ಹೆಂಗಸರು ಇಲ್ಲಿ ಬೀದಿಗೊಬ್ಬರಿದ್ದಾರೆ. ಸಾರಾಯಿ ನಿಂತ ದಿನ ಅವರು ನಿಟ್ಟುಸಿರು ಬಿಟ್ಟರು. ಸಾರಾಯಿಯ ಜಾಗಕ್ಕೆ ಅಗ್ಗದ ವಿಸ್ಕಿಯ ‘ನೈಂಟಿ’ ಬಂದಾಗ ಆ ಉಸಿರನ್ನು ವಾಪಸು ಎಳೆದುಕೊಂಡರು. ಇಂದಿರಾನಗರದಲ್ಲಿ ನಾನು ಕೊಡುವ ಎರಡು ಲೋಟ ಬಿಯರಿನ ಬಿಲ್ಲು ಅವರ ಮನೆಯ ಒಂದು ದಿನದ ಖರ್ಚಿಗಿಂತ ಹೆಚ್ಚು. ಹಳೆಯ ಪಡಖಾನೆಯ ಬಗ್ಗೆ ಹಂಬಲಿಸಿ ಬರೆಯುವುದು ಅದರ ಬಿಲ್ಲು ಕಟ್ಟದವರಿಗೆ ಸುಲಭ. ಹಾಗಾಗಿ ನನಗೆ ಬೇಕಾದ್ದು ಪಡಖಾನೆಯ ಪುನರುದ್ಧಾರವಲ್ಲ. ಗಂಡಸಿಗೆ ಕುರ್ಚಿಯೂ ಹೆಂಗಸಿಗೆ ಹಿತ್ತಲೂ ಎಂಬ ಹಂಚಿಕೆ ಮುಗಿಯಬೇಕು, ಅಷ್ಟೇ.

ಕೊನೆಗೆ ಪಟ್ಟಿ ಹೀಗಾಯಿತು. ಹೊಸದಕ್ಕೆ ನಗರ ಬೇಡ, ನಮ್ಮ ತಾಲ್ಲೂಕೇ ಸಾಕು: ನಂದಿ ಬೆಟ್ಟದ ಬುಡದ ರಘುನಾಥಪುರದಲ್ಲಿರುವ ಗ್ರೋವರ್ ದ್ರಾಕ್ಷಿತೋಟ. 1988ರಲ್ಲಿ ಫ್ರೆಂಚ್ ತಳಿಗಳನ್ನು ತಂದು ನೆಟ್ಟ ತೋಟವದು. ಅಲ್ಲಿ ಕುಡಿಯುವುದಕ್ಕೆ ‘ಟೇಸ್ಟಿಂಗ್’ ಎಂಬ ಮರ್ಯಾದಸ್ಥ ಹೆಸರಿದೆ. ಬಳ್ಳಿಯ ಸಾಲು ನೋಡಿ, ಲೋಟ ತಿರುಗಿಸಿ, ವಾಸನೆ ನೋಡಿ ಗುಟುಕರಿಸಿದರೆ ಯಾವ ಹೆಣ್ಣಿಗೂ ಗಾದೆ ತಾಗುವುದಿಲ್ಲ.

ಹಳೆಯದಕ್ಕೆ ನಮ್ಮೂರ ಒಂದು ಬಾರನ್ನು ಆರಿಸಿದೆ. ಅದರ ಮೆಟ್ಟಿಲ ಬಳಿ ‘ಫ್ಯಾಮಿಲಿ ರೂಮ್’ ಎಂಬ ಬಾಣದ ಗುರುತಿದೆ. ಒಳಗೆ ಪ್ಲೈವುಡ್ಡಿನ ಗೂಡುಗಳು, ಮೆರೂನ್ ಪರದೆಗಳು. ಅಜ್ಜಿಯ ಸೆರಗು ಈಗ ಕೊಳವೆಯ ಮೇಲೆ ನೇತಾಡುತ್ತಿದೆ ಅನ್ನಿಸಿತು. ನಾವು ಐವರು, ಅದರಲ್ಲಿ ಮೂವರು ಹೆಂಗಸರು. ಸಪ್ಲೈಯರ್ ಹುಡುಗ ನನ್ನನ್ನು ನೋಡಿ, ‘ಮೇಡಂ, ಫ್ಯಾಮಿಲಿ ಮೇಲೆ’ ಎಂದ. ‘ಇಲ್ಲೇ ಕೂರ್ತೀವಿ’ ಎಂದೆ. ಒಂದು ಕ್ಷಣ ಗಲ್ಲಾದ ಕಡೆ ನೋಡಿದ. ಗಲ್ಲಾದವರು ತಲೆಯೆತ್ತಲಿಲ್ಲ. ಹುಡುಗ ಮೇಜು ಒರೆಸಿ, ಕಡ್ಲೆಬೀಜದ ತಟ್ಟೆ ಇಟ್ಟು, ‘ಏನ್ ಕೊಡ್ಲಿ?’ ಎಂದ. ಪಕ್ಕದ ಮೇಜುಗಳು ಹತ್ತು ನಿಮಿಷ ನಮ್ಮನ್ನು ನೋಡಿದವು. ಆಮೇಲೆ ಅವರವರ ಮಾತಿಗೆ ಮರಳಿದವು.

ಸುದ್ದಿ ನನಗಿಂತ ಮೊದಲೇ ಮನೆ ತಲುಪಿತ್ತು. ಅಮ್ಮ ಮಾತಾಡಲಿಲ್ಲ. ಅಜ್ಜಿ ಮಾತ್ರ ರಾತ್ರಿ ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದಳು: ‘ಕೂತ್ಕಂಡೇ ಕುಡಿದ್ರೇನವ್ವ?’